ಮುತ್ತ್ಯಾನ ಮನೆಯ ಬೆಣ್ಣೆ ಲೆಕ್ಕ

ಅಮೆರಿಕದ ಓಹಾಯೋದಲ್ಲಿ ನನ್ನ ಅಣ್ಣನ ಮಗ ಇರುವ ಓಣಿಯಲ್ಲಿ ಒಬ್ಬ ಮುದುಕ ಇದ್ದಾನೆ. ತನ್ನ ಅಜ್ಜನ ಅಜ್ಜಿ 1870ರಲ್ಲಿ ಎಷ್ಟು ಪೌಂಡು ಬೆಣ್ಣೆ ತೆಗೆದಿದ್ದಳು ಎಂಬುದು ಆ ಮುದುಕನಿಗೆ ಗೊತ್ತು. ಬಾಯಿಮಾತಲ್ಲ, ಕಾಗದ ಇಟ್ಟುಕೊಂಡೇ ಹೇಳುತ್ತಾನೆ. ಆ ದೇಶದಲ್ಲಿ 1850ರಿಂದ 1880ರವರೆಗೆ ಹತ್ತು ವರ್ಷಕ್ಕೊಮ್ಮೆ ಮಂದಿ ಎಣಿಸಲು ಹೊರಟವರು ಒಕ್ಕಲುತನದವರಿಗೆಂದು ಬೇರೆಯೇ ಹಾಳೆ ಹಿಡಿದುಕೊಂಡು ಹೋಗುತ್ತಿದ್ದರು. ಕುದುರೆ ಎಷ್ಟು, ಹಂದಿ ಎಷ್ಟು, ಹಿಂಡುವ ಆಕಳು ಎಷ್ಟು, ವರ್ಷಕ್ಕೆ ಬೆಣ್ಣೆ ಎಷ್ಟು, ಎಲ್ಲವೂ ಯಜಮಾನನ ಹೆಸರಿನ ಸಾಲಿನಲ್ಲೇ ದಾಖಲು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸರಕಾರಿ ಜಮೀನು ಹಿಡಿದವರಂತೂ ಐದು ವರ್ಷ ಅಲ್ಲೇ ಉಳಿದು ಸಾಗುವಳಿ ಮಾಡಿದ್ದೇವೆ ಎಂದು ಸಾಕ್ಷಿ ಸಮೇತ ತೋರಿಸಬೇಕಾಗಿತ್ತು. ಮನೆ ಎಷ್ಟು ಅಗಲ, ಬಾಗಿಲು ಎಷ್ಟು, ಕಿಟಕಿ ಎಷ್ಟು, ಬಾವಿ ತೋಡಿದ್ದಾರೋ ಇಲ್ಲವೋ ಎಂಬುದೆಲ್ಲ ಅಂಥ ಕಡತಗಳಲ್ಲಿ ಸಿಗುತ್ತದೆ. ಹೀಗಾಗಿ, ಸತ್ತು ನೂರು ವರ್ಷ ದಾಟಿದ ಹಿರಿಯರ ಮನೆಯಲ್ಲಿ ಆ ಮುದುಕ ಕಣ್ಣುಮುಚ್ಚಿಕೊಂಡು ಅಡ್ಡಾಡಬಲ್ಲ.

ನನ್ನ ಅಣ್ಣನ ಮಗ ಅವನೆದುರು ನಮ್ಮ ವಂಶವೃಕ್ಷವನ್ನು ಮೊಬೈಲಿನಲ್ಲಿ ತೆರೆದು ತೋರಿಸಿದನಂತೆ. ಅದರಲ್ಲಿ ಅವನು, ಅವನಪ್ಪ, ಅವನಜ್ಜ. ಅದರ ಮೇಲೆ ಬರೀ ಖಾಲಿ ಚೌಕಗಳು.

"ಮುದುಕ ಬಾಳ ಮರುಗಿದ, ಕಾಕಾ. ನಿಮ್ಮೂರ ದಫ್ತರಕ್ಕ ಬೆಂಕಿ ಬಿದ್ದಿತ್ತೇನು ಅಂತ ಕೇಳಿದ."

ಅವರ 1890ರ ಜನಗಣತಿಯ ಹಾಳೆಗಳು 1921ರ ಬೆಂಕಿಯಲ್ಲಿ ಹೆಚ್ಚುಕಡಿಮೆ ಎಲ್ಲ ಹಾಳಾಗಿವೆ. ಆದ್ದರಿಂದ ಮುದುಕನ ಪಾಲಿಗೆ ಹಿರಿಯರು ಕಾಣೆಯಾಗುವುದು ಬೆಂಕಿಯಿಂದ ಮಾತ್ರ. ಬರೆದಿಡದೆಯೂ ಜನ ಕಾಣೆಯಾಗಬಹುದೆಂದು ಅವನಿಗೆ ಹೊಳೆದಿಲ್ಲ. "ನೀವು ಇತಿಹಾಸದ ಮಾಸ್ತರ ಅಲ್ಲ, ಕಾಕಾ? ಹುಡುಕಿ ಕಳಸ್ರಿ," ಎಂದ ನಮ್ಮ ಹುಡುಗ.

ಈ ಮಾತು ನನಗೆ ಸರಿಯಾದ ಜಾಗದಲ್ಲೇ ನಾಟಿತು. ಗೋಕಾಕದ ಮಕ್ಕಳಿಗೆ ಜೀವಮಾನವಿಡೀ ಇತಿಹಾಸ ಹೇಳಿದವ ನಾನು. ಅಶೋಕನ ಅಜ್ಜ ಯಾರೆಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ನನ್ನ ಅಜ್ಜನ ಅಜ್ಜ ಯಾರು? ಹೆಸರು ಗೊತ್ತಿತ್ತು, ಏಕೆಂದರೆ ಅದು ನನ್ನದೇ ಹೆಸರು. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಹಾಗಾಗಿ ನಮ್ಮ ಮನೆತನ ಎರಡೇ ಹೆಸರಿನಲ್ಲಿ ಇಷ್ಟು ದಿನ ಸಂಸಾರ ಸಾಗಿಸಿದೆ: ಒಂದು ನನ್ನದು, ಒಂದು ನಮ್ಮಪ್ಪನದು. ನಾನು, ನನ್ನ ಅಜ್ಜ, ಅಜ್ಜನ ಅಜ್ಜ, ಮೂವರೂ ಒಂದೇ ಹೆಸರಿನವರು. ಹೊಸ ಹೆಸರು ಹುಡುಕುವ ಖರ್ಚು ಉಳಿಸಿದ ಹಿರಿಯರು, ಹುಡುಕುವವನ ಗತಿ ಏನೆಂದು ಯೋಚಿಸಲಿಲ್ಲ.

ಆ ಮೊದಲನೆಯವನ ಬಗ್ಗೆ ಮನೆಯಲ್ಲಿ ಉಳಿದದ್ದು ಎರಡು ಸಂಗತಿ. ಹುಕ್ಕೇರಿ ಕಡೆಯಿಂದ ಬಂದವನು ಎಂಬ ಮಾತು ಒಂದು. ಇನ್ನೊಂದು, ದೇವರಮನೆಯ ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟ ಮೋಡಿ ಲಿಪಿಯ ಒಂದು ಹಾಳೆ. ಅದು ಯಾವುದೋ ದೇಸಾಯರು ಮುತ್ತ್ಯಾನ ಪರಾಕ್ರಮ ಮೆಚ್ಚಿ ಕೊಟ್ಟ ಸನದು ಎಂದು ನಮ್ಮಪ್ಪ ಹೇಳುತ್ತಿದ್ದರು. ಮಹಾನವಮಿಯಲ್ಲಿ ಆಯುಧಗಳ ಜೊತೆ ಅದಕ್ಕೂ ಕುಂಕುಮ ಏರುತ್ತಿತ್ತು. ಏನು ಬರೆದಿದೆ ಎಂದು ಓದಿಸಿ ನೋಡುವ ಉದ್ಧಟತನ ನಮ್ಮಲ್ಲಿ ಯಾರೂ ಮಾಡಿರಲಿಲ್ಲ.

ಮೊದಲು ಕಚೇರಿಗೆ ಹೋದೆ. ಯಾವ ಕಚೇರಿ ಎನ್ನುವುದು ಬೇಡ. ಒಂದು ಕಿಂಡಿ, ಅದರ ಹಿಂದೆ ಒಬ್ಬರು.

"ಯಾರ ಹೆಸರಲೆ ಬೇಕ್ರಿ ಉತಾರ?"

ನನ್ನ ಹೆಸರು ಹೇಳಿದೆ.

"ಅಂದ್ರ ನಿಮ್ಮದು."

"ನಂದಲ್ಲ. ನಮ್ಮ ಅಜ್ಜಂದು."

ಅವರು ಹುಡುಕಿದರು. "ಐತಿ ನೋಡ್ರಿ, ಅಜ್ಜಂದು."

"ಈ ಅಜ್ಜ ಅಲ್ರಿ. ಈ ಅಜ್ಜನ ಅಜ್ಜ. ಹೆಸರು ಅದೇ."

ಅವರು ಕನ್ನಡಕ ತೆಗೆದು ನನ್ನನ್ನು ಚೆನ್ನಾಗಿ ನೋಡಿದರು. "ಮೂರೂ ಮಂದಿ ನೀವೇ ಏನ್ರಿ ಮತ್ತ?"

ಹಕ್ಕುದಾಖಲೆ ಎಂಬ ಪುಸ್ತಕ ಮುಂಬೈ ಪ್ರಾಂತ್ಯದಲ್ಲಿ ಶುರುವಾದದ್ದೇ 1903ರ ಕಾಯ್ದೆಯಿಂದ. ಅದಕ್ಕೂ ಮುಂಚೆ ಸರ್ವೆಯವರು ಸರಪಳಿ ಎಳೆದು, ಹೊಲಕ್ಕೆ ನಂಬರು ಹಾಕಿ, ಆಕಾರ ಕಟ್ಟಿ ಹೋಗಿದ್ದರು. ಕಂಪನಿ ಸರಕಾರಕ್ಕೂ ಆಮೇಲೆ ರಾಣಿ ಸರಕಾರಕ್ಕೂ ನಮ್ಮವರಿಂದ ಬೇಕಾದದ್ದು ಪಟ್ಟಿಯ ದುಡ್ಡು. ಕಟ್ಟುವವನ ಮನೆಯಲ್ಲಿ ಒಲೆ ಎಷ್ಟು, ಬೆಣ್ಣೆ ಎಷ್ಟು ಎಂಬುದು ಬೇಕಿರಲಿಲ್ಲ. 1872ರಲ್ಲೂ 1881ರಲ್ಲೂ ನಮ್ಮಲ್ಲಿ ಮಂದಿ ಎಣಿಕೆ ನಡೆದಿದೆ. ಆದರೆ ಮನೆಮನೆಯ ಹಾಳೆ ಉಳಿಯಲಿಲ್ಲ, ಕೂಡಿಸಿದ ಮೊತ್ತ ಉಳಿಯಿತು. ಕ್ಯಾಂಪ್‌ಬೆಲ್ ಸಾಹೇಬ ಸಂಪಾದಿಸಿದ 1884ರ ಬೆಳಗಾವಿ ಗೆಜೆಟಿಯರಿನಲ್ಲಿ ಜಿಲ್ಲೆಯ ನೇಗಿಲು, ಬಂಡಿ, ಎತ್ತು, ಎಮ್ಮೆಗಳ ಲೆಕ್ಕವಿದೆ. ಆ ಮೊತ್ತದ ಯಾವುದೋ ಬಿಡಿಯ ಸ್ಥಾನದಲ್ಲಿ ನಮ್ಮ ಮುತ್ತ್ಯಾನ ಎಮ್ಮೆಯೂ ನಿಂತಿರಲೇಬೇಕು. ಆ ಪುಟವನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದೆ. ಎಮ್ಮೆ ಕಾಣಲಿಲ್ಲ.

ಇತ್ತ ಕಿಂಡಿಯಲ್ಲಿ ಅರ್ಜಿ ತುಂಬುವ ಹೊತ್ತು. ದಾಖಲೆ ಯಾತಕ್ಕೆ ಬೇಕು ಎಂಬ ಜಾಗದಲ್ಲಿ 'ಮುತ್ತಜ್ಜನ ಸಂಸಾರ ಹೇಗಿತ್ತೆಂದು ತಿಳಿಯಲು' ಎಂದು ಬರೆದೆ. ಅವರು ಓದಿ, ಹಿಂದಕ್ಕೆ ತಳ್ಳಿ, "ಕೋರ್ಟಿಗೋ, ಬ್ಯಾಂಕಿಗೋ? ಎರಡರಾಗ ಒಂದು ಹೇಳ್ರಿ," ಎಂದರು. ಬ್ಯಾಂಕು ಸತ್ತವನಿಗೆ ಸಾಲ ಕೊಡುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಿದ್ದರು. "ಕೋರ್ಟಿಗೆ ಅಂತ ಬರಕೋರಿ," ಎಂದೆ. ಅದರ ಜೊತೆಗೆ, ಕೇಳಿದ್ದೇ ಆಯಿತು ಪೂರ್ತಿ ಇರಲಿ ಎಂದು, ವಂಶಾವಳಿಗೂ ಒಂದು ಅರ್ಜಿ ಹಾಕಿದೆ.

ಗೋಕಾಕ, ಮೂಡಲಗಿ ಕಡೆಯ ಹಳ್ಳಿಗಳಲ್ಲಿ ವಂಶಾವಳಿ ಎಂಬ ಮಾತನ್ನು ಮೆಲ್ಲಗೆ ಆಡಬೇಕು. ಘಟಪ್ರಭೆಯ ಕಾಲುವೆ ನೀರಿನಲ್ಲಿ ಕಬ್ಬು ಬೆಳೆಯುವ ನೆಲ ಅದು. ಒಬ್ಬ ಮನುಷ್ಯ ವಂಶಾವಳಿ ಕೇಳಿದನೆಂದರೆ ಅವನಿಗೆ ಹಿರಿಯರ ಮೇಲೆ ಭಕ್ತಿ ಹುಟ್ಟಿದೆ ಎಂದು ಅಲ್ಲಿ ಯಾರೂ ತಿಳಿಯುವುದಿಲ್ಲ, ಪಾಲು ಕೇಳಲು ಹೊರಟಿದ್ದಾನೆ ಎಂದೇ ತಿಳಿಯುತ್ತಾರೆ. ನಾನು ಕಚೇರಿಯ ಮೆಟ್ಟಿಲಿಳಿದು, ಕರದಂಟಿನ ಅಂಗಡಿಯಲ್ಲಿ ಅರ್ಧ ಕಿಲೋ ಕಟ್ಟಿಸಿಕೊಂಡು ಮನೆ ಮುಟ್ಟುವುದರೊಳಗೆ, ನಾನು ಕೋರ್ಟಿಗೆ ಹೋದ ಸುದ್ದಿ ಮೂಡಲಗಿ ಮುಟ್ಟಿತ್ತು.

ಮೂಡಲಗಿಯಲ್ಲಿ ನನ್ನ ದೊಡ್ಡಪ್ಪನ ಮಕ್ಕಳಿದ್ದಾರೆ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ಸ್ವಂತ ತಾಲೂಕು ಆದ ಮೇಲೆ ಅವರ ರಸ್ತೆ ಬದಿಯ ಹೊಲದ ಬೆಲೆ ಏರಿದೆ, ಅವರ ರಕ್ತದೊತ್ತಡವೂ. ಹಿಂದೆಲ್ಲ ನಾನು ಹೋದರೆ ಸೂಸಲಾ, ಮಿರ್ಚಿ, ಆಮೇಲೆ ಚಹಾ, ಹೊರಡುವಾಗ ಬೆಲ್ಲದ ಪೆಂಟಿ. ಈ ಸಲ ಕರದಂಟಿನ ಪೊಟ್ಟಣ ಹಿಡಿದು ಒಳಗೆ ಕಾಲಿಟ್ಟರೆ, ಕುರ್ಚಿಯಲ್ಲಿ ಬಿಳಿ ಅಂಗಿ ಕಪ್ಪು ಪ್ಯಾಂಟಿನ ಒಬ್ಬರು ಮೊದಲೇ ಕೂತಿದ್ದರು. "ನಮ್ಮ ಬಾಜೂ ಮನಿಯವರು, ಅಣ್ಣಾ. ಸುಮ್ನ ಬಂದಾರ," ಎಂದ ತಮ್ಮ. ಬಾಜೂ ಮನೆಯವರ ಜೇಬಿನಲ್ಲಿ ಎರಡು ಪೆನ್ನು, ತೊಡೆಯ ಮೇಲೆ ಫೈಲು.

ಉಭಯ ಕುಶಲ ಮುಗಿಸಿ ನಾನು ವಿಷಯಕ್ಕೆ ಬಂದೆ. "ನಮ್ಮ ಮುತ್ತ್ಯಾಗ ಮಕ್ಕಳು ಎಷ್ಟು ಮಂದಿ ಇದ್ದರು, ನಿನಗೇನರ ಗೊತ್ತೈತಾ?"

ತಮ್ಮ ಬಾಯಿ ತೆರೆದ. ಬಾಜೂ ಮನೆಯವರು ಕೈ ಅಡ್ಡ ಹಿಡಿದರು. "ಅದನ್ನ ಈಗ ಹೇಳಾಕ ಬರಂಗಿಲ್ರಿ."

"ಹೆಂಡರು?"

"ಅದನ್ನಂತೂ ಹೇಳಾಂಗೇ ಇಲ್ಲ."

"ಹೋಗ್ಲಿ ಬಿಡ್ರಿ. ಎಮ್ಮಿ ಎಷ್ಟಿದ್ದುವು ಅಂತರ ಯಾರಾದ್ರೂ ಹೇಳಿದ್ದು ನೆನಪೈತೇನು? ಬೆಣ್ಣಿ ಎಷ್ಟು ಬರ್ತಿತ್ತು?"

ಅವರು ಫೈಲು ತೆರೆದು ಬರೆದುಕೊಂಡರು. ಬರೆಯುತ್ತ ತಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಚರಾಸ್ತೀನೂ ಕೇಳಾಕತ್ತಾರ."

ನಾನು ಅಮೆರಿಕದ ಮುದುಕನ ಕತೆ ಹೇಳಿದೆ, ಹೋಮ್‌ಸ್ಟೆಡ್ ಕಾಯ್ದೆ ಹೇಳಿದೆ. 160 ಎಕರೆ ಎಂದ ಕೂಡಲೇ ತಮ್ಮನ ಹೆಂಡತಿ ಒಳಗಿನಿಂದ ಹೊರಗೆ ಬಂದು ಬಾಗಿಲಿಗೆ ಆನಿಕೊಂಡು ನಿಂತಳು. ಅಮೆರಿಕದಲ್ಲೂ ನಮ್ಮ ಜಮೀನು ಇತ್ತೇ, ಇದ್ದರೆ ಅದು ಯಾರ ಪಾಲಿಗೆ ಎಂಬ ಗೊಂದಲ ಶುರುವಾಯಿತು. ಸುಮಾರು ಹೊತ್ತು ಪಾಠ ಮಾಡಿದ ಮೇಲೆ ಎಲ್ಲರೂ ಸುಮ್ಮನಾದರು. ನಂಬಿದರೆಂದು ನಾನು ತಿಳಿದೆ. ಮುಂದೆ ಕೆಲವೇ ದಿನಗಳಲ್ಲಿ ರಜಿಸ್ಟರ್ಡ್ ಅಂಚೆಯಲ್ಲಿ ಬಂದ ನೋಟೀಸಿನಲ್ಲಿ 'ನಮ್ಮ ಕಕ್ಷಿದಾರರ ಪೂರ್ವಜರು ಹೊಂದಿದ್ದರೆನ್ನಲಾದ ಎಮ್ಮೆಗಳು ಹಾಗೂ ಅವುಗಳ ಉತ್ಪನ್ನ' ಎಂಬ ಒಂದು ಕಂಡಿಕೆ ಇತ್ತು. ಪೂರ್ವಜರ ಎಮ್ಮೆಯ ಬಗ್ಗೆ ನನಗೆ ಸಿಕ್ಕ ಮೊದಲ ಲಿಖಿತ ದಾಖಲೆ ಅದೇ. ಅಮೆರಿಕಕ್ಕೆ ಕಳಿಸೋಣವೇ ಎಂದು ಒಂದು ಕ್ಷಣ ಅನ್ನಿಸಿತ್ತು.

ಅಂದು ಹೊರಡುವಾಗ, ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದ ದೊಡ್ಡವ್ವ ಕೈ ಸನ್ನೆ ಮಾಡಿ ಕರೆದಳು. ತೊಂಬತ್ತು ದಾಟಿದ ಜೀವ. "ಅವರು ಹೇಳಂಗಿಲ್ಲ, ನಾ ಹೇಳ್ತೇನಿ ಬಾ. ನಿಮ್ಮ ಮುತ್ತ್ಯಾ ಮನಿಅಳ್ಯಾ ಆಗಿ ಬಂದಾಂವ. ಬರಾ ಬಿದ್ದಿತ್ತಂತ. ಒಂದು ಎಮ್ಮಿ ಹೊಡಕೊಂಡು ಹೆಂಡತಿ ತವರಿಗೆ ಬಂದ, ತಿರುಗಿ ಹೋಗಲಿಲ್ಲ. ನಮ್ಮತ್ತಿ ಸಿಟ್ಟು ಬಂದಾಗ ನಮ್ಮ ಮಾವಗ ಅದನ್ನs ಎತ್ತಿ ಆಡತಿದ್ಲು." ಒಂದೇ ಎಮ್ಮೆ! ಸನದು ಪಡೆದ ಪರಾಕ್ರಮಿಗೆ ಎಮ್ಮೆಯ ಹಿಂದೆ ನಡೆಯುವುದೇ? ವಯಸ್ಸಾದವರಿಗೆ ನೆನಪು ಕಲಸಿರುತ್ತದೆ ಎಂದುಕೊಂಡು ಬಸ್ಸು ಹತ್ತಿದೆ.

ಸನದನ್ನು ಓದಿಸಿಯೇ ಬಿಡಬೇಕೆಂದು ಹಟ ಬಂತು. ಪೇಶ್ವೆಯವರ ಕಾಲದಿಂದ ನಮ್ಮ ಕಡೆ ಲೆಕ್ಕಪತ್ರ ಮರಾಠಿಯಲ್ಲಿ, ಅದೂ ಮೋಡಿಯಲ್ಲಿ ನಡೆದದ್ದು. ಇಂಗ್ಲಿಷರು ಬಂದ ಮೇಲೂ ಆ ಬರವಣಿಗೆ ಬಹಳ ಕಾಲ ಬಿಡಲಿಲ್ಲ. ಬೆಳಗಾವಿಯಲ್ಲಿ ಅದನ್ನು ಓದಬಲ್ಲ ಹಿರಿಯರೊಬ್ಬರು ಸಿಕ್ಕರು. ಕಟ್ಟಿನ ಸಮೇತ ಹೊತ್ತುಕೊಂಡು ಹೋಗಿ, ಒರೆಸಿ, ಅವರ ಮೇಜಿನ ಮೇಲೆ ಇಟ್ಟೆ. ಅವರು ನೋಡಿದರು. ಏನೂ ಹೇಳದೆ ಎರಡೂ ಕೈಯಿಂದ ಕಟ್ಟನ್ನು ಹಿಡಿದು, ಪೂರ್ತಿ ತಿರುಗಿಸಿ, ಮತ್ತೆ ಇಟ್ಟರು.

ಮೋಡಿ ಬರೆಯುವವರು ಮೊದಲು ಹಾಳೆಯ ಉದ್ದಕ್ಕೂ ಗೆರೆ ಎಳೆದು, ಆ ಗೆರೆಗೆ ಅಕ್ಷರಗಳನ್ನು ಕೈ ಎತ್ತದೆ ಜೋತುಬಿಡುತ್ತಾ ಹೋಗುತ್ತಾರೆ. ನಮ್ಮ ಮನೆಯಲ್ಲಿ ಅಕ್ಷರಗಳು ತಂತಿಯ ಮೇಲೆ ಕೂತ ಗುಬ್ಬಿಗಳ ಹಾಗೆ ಗೆರೆಯ ಮೇಲೆ ಕೂತಿದ್ದವು. ಇಷ್ಟು ವರ್ಷ, ಇತಿಹಾಸದ ಮಾಸ್ತರನ ಮನೆಯಲ್ಲಿ, ಸನದು ತಲೆಕೆಳಗಾಗಿ ಪೂಜೆ ಮಾಡಿಸಿಕೊಂಡಿತ್ತು.

"ಸನದು ಅಂದ್ರಲ್ಲ?" ಎಂದರು ಅವರು.

"ಹೌದ್ರಿ. ದೇಸಾಯರದು."

"ಇದು ಮುಚ್ಚಳಿಕೆ ಅದ."

ಮುಚ್ಚಳಿಕೆ ಎಂದರೆ ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ತಪ್ಪಿತಸ್ಥ ಬರೆದುಕೊಡುವ ಕಾಗದ. ಅವರು ಬೆರಳು ಇಟ್ಟು, ಮರಾಠಿ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಇಂಥ ಊರಲ್ಲಿ ಇರುವ ಇಂಥವನು (ನನ್ನ ಹೆಸರು, ಎಷ್ಟು ಸ್ಪಷ್ಟವಾಗಿ ಕೇಳಿಸಿತು!) ಬರೆದುಕೊಡುವುದೇನೆಂದರೆ, ನನ್ನ ಎಮ್ಮೆ ಪರರ ಜೋಳದ ಹೊಲದಲ್ಲಿ ಹೊಕ್ಕು ಮೇಯ್ದದ್ದು ಸತ್ಯ, ಕೇಳಲು ಬಂದವರಿಗೆ ನಾನು ಆಡಬಾರದ ಮಾತು ಆಡಿದ್ದೂ ಸತ್ಯ, ಇನ್ನು ಮೇಲೆ ಎಮ್ಮೆಯನ್ನೂ ಬಾಯಿಯನ್ನೂ ಕಟ್ಟಿಕೊಂಡು ಇರುತ್ತೇನೆ. ಕೆಳಗೆ ಸಹಿಯ ಜಾಗದಲ್ಲಿ ಒಂದು ನೇಗಿಲಿನ ಗುರುತು.

"ಆಡಬಾರದ ಮಾತು ಅಂದ್ರ ಏನಂತ ಬರದಾರೇನ್ರಿ?" ಎಂದು ಆಸೆಯಿಂದ ಕೇಳಿದೆ.

"ಬರೆದಿಲ್ಲ. ಬರೆಯೋ ಹಂಗ ಇರಲಿಕ್ಕಿಲ್ಲ," ಎಂದರು.

ಮನೆಗೆ ತಂದೆ. ನನ್ನ ಹೆಂಡತಿ ವಿಷಯ ಕೇಳಿ, ಒಂದು ಮಾತೂ ಆಡದೆ, ಕಟ್ಟನ್ನು ದೇವರಮನೆಗೆ ಒಯ್ಯದೆ ನಾನು ಊಟಕ್ಕೆ ಕೂರುವ ಜಾಗದ ಎದುರಿನ ಗೋಡೆಗೆ, ಈ ಸಲ ನೆಟ್ಟಗೆ, ತೂಗುಹಾಕಿದಳು. ಸಾರಿಗೆ ಉಪ್ಪು ಕಡಿಮೆ ಎಂದು ನಾನು ಬಾಯಿ ತೆರೆದಾಗಲೆಲ್ಲ ಅದರತ್ತ ಬೆರಳು ತೋರಿಸುತ್ತಾಳೆ.

ಎಮ್ಮೆ ಒಂದು ಇತ್ತು ಎಂಬುದಂತೂ ಖಾತ್ರಿಯಾಯಿತು. ಇನ್ನು ಅದು ಹೊರಟ ಕೊಟ್ಟಿಗೆ ಹುಡುಕಬೇಕು. ದೊಡ್ಡವ್ವನಿಗೆ ಫೋನು ಮಾಡಿ ಊರಿನ ಹೆಸರು ಕೇಳಿಕೊಂಡು ಹುಕ್ಕೇರಿಗೆ ಹೋದೆ. ಹುಕ್ಕೇರಿ ಪೇಟೆಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ನಿಂತಿವೆ. ದೊಡ್ಡವರು ಸತ್ತ ಮೇಲೂ ಮನೆ ಕಟ್ಟಿಸಿಕೊಂಡು ಇರುತ್ತಾರೆ, ಹುಡುಕುವವರಿಗೆ ತ್ರಾಸಿಲ್ಲ. ಅದರ ನೆರಳಿನಲ್ಲಿ ಕೂತಿದ್ದ ಹಿರಿಯರನ್ನು ನಮ್ಮ ಊರಿನ ದಾರಿ ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಿಡಕಲ್ಲಿಗೆ ಹೋಗ್ರಿ," ಎಂದರು ಒಬ್ಬರು.

"ಅಲ್ಲಿಂದ ಎಷ್ಟು ದೂರ?"

"ದೂರ ಇಲ್ರಿ. ಆಳ ಐತಿ."

ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ ಇಂದು ಇಡೀ ಸೀಮೆಗೆ ನೀರುಣಿಸುತ್ತದೆ. ಅದರ ಹೊಟ್ಟೆಯಲ್ಲಿ ಹಲವು ಹಳ್ಳಿಗಳಿವೆ. ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರಿಳಿದಾಗ ಮೇಲೆದ್ದು ದರ್ಶನ ಕೊಡುತ್ತದೆ, ಮಂದಿ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಾರೆ. ಇತಿಹಾಸ ಕಲಿತ ನಾನು ಭೂಗೋಳ ಮರೆತು ಮಳೆಗಾಲ ಮುಗಿದ ಬೆನ್ನಿಗೇ, ಜಲಾಶಯ ತುಂಬಿ ತುಳುಕುವಾಗ ಹೋಗಿದ್ದೆ. ಕೈಯಲ್ಲಿ ಮನೆಯ ಅಗಲ ಅಳೆಯಲು ಟೇಪು. ಕೊರಳಲ್ಲಿ ಬಾಗಿಲು, ಕಿಟಕಿಗಳ ಫೋಟೋ ತೆಗೆಯಲು ಕ್ಯಾಮೆರಾ. ಎದುರಿಗೆ ಕಣ್ಣು ಹಾಯುವಷ್ಟು ನೀರು.

ದಂಡೆಯಲ್ಲಿ ಎಮ್ಮೆ ಕಾಯುವ ಹುಡುಗನೊಬ್ಬ ನಿಂತಿದ್ದ. ಊರ ಹೆಸರು ಹೇಳಿದೆ. ಅವನು ಕೋಲು ಚಾಚಿ ತೋರಿಸಿದ. "ಅಲ್ಲಿ ನಮ್ಮ ಎಮ್ಮಿ ಈಸಾಕತ್ತಾವಲ್ರಿ ಅಜ್ಜಾ, ಅದರ ಆಚೆಕ. ನಮ್ಮ ಮುತ್ತ್ಯಾನ ಮನಿನೂ ಅಲ್ಲೇ ಕೆಳಗ ಐತಂತ."

ನಮ್ಮ ಎಮ್ಮೆ ಬಿಟ್ಟುಬಂದ ಊರಿನ ತಲೆಯ ಮೇಲೆ ಅವನ ಎಮ್ಮೆಗಳು ಆರಾಮಾಗಿ ಮೂಗು ಮೇಲೆತ್ತಿ ತೇಲುತ್ತಿದ್ದವು. ಫೋಟೋ ಚೆನ್ನಾಗಿ ಬರಲೆಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಎರಡನೆಯದು ರಾಡಿಯಲ್ಲಿ ಮೊಣಕಾಲವರೆಗೆ ಹೂತುಹೋಯಿತು. ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಅದನ್ನು ಹುಡುಕಲು ಬಗ್ಗಿದರೆ ಉಳಿದ ನಾನೂ ಹೋದೆ. ಹುಡುಗ ಕೋಲು ಕೊಟ್ಟು ಎಳೆದ. ಅವನ ಒಂದು ಎಮ್ಮೆ ದಂಡೆಗೆ ಬಂದು ನನ್ನನ್ನು ಆಪಾದಮಸ್ತಕ ನೋಡಿ, ತನ್ನವನಲ್ಲ ಎಂದು ಖಾತ್ರಿ ಮಾಡಿಕೊಂಡು ವಾಪಸು ಹೋಯಿತು. ಒಂದೇ ಚಪ್ಪಲಿಯಲ್ಲಿ ಬಸ್ಸು ಹತ್ತಿದ ನನಗೆ ಘಟಪ್ರಭಾವರೆಗೆ ಯಾರೂ ಪಕ್ಕದಲ್ಲಿ ಕೂರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಹೆಂಡತಿ ಕೇಳಿದಳು: "ಹೆಳವರನ್ನ ಕೇಳಿದ್ರೇನು?"

ಹೆಳವರು! ವಂಶ ಹೇಳುವುದನ್ನೇ ಕುಲಕಸುಬು ಮಾಡಿಕೊಂಡ ಮಂದಿ. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಒಕ್ಕಲು ಎಂದು ಹಂಚಿಕೆಯಾಗಿರುತ್ತದೆ. ಹಿಂದೆ ಎತ್ತಿನ ಮೇಲೆ ಕಂಬಳಿ ಹೊದ್ದು, ಗಂಟೆ ನುಡಿಸುತ್ತ, ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು. ಅಂಗಳದಲ್ಲಿ ಕೂತು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳು, ಬಟ್ಟೆ, ಅನುಕೂಲಸ್ಥರ ಮನೆಯಲ್ಲಿ ಆಕಳು, ಎತ್ತು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ನಾನು ಮುಂಬೈ ಪ್ರಾಂತ್ಯದ ಕಾಯ್ದೆ ಓದಿದ್ದೆ, ಗೆಜೆಟಿಯರ್ ಓದಿದ್ದೆ. ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘದವರು ಫಿಲ್ಮ್ ಮಾಡಿಟ್ಟಿದ್ದಾರೆಂದು ಓದಿ, ಪಂಢರಪುರದ ಆಚೆ ಕಾಲಿಡದ ನಮ್ಮ ವಂಶದವರನ್ನು ಅಲ್ಲೂ ಹುಡುಕಿಸಿದ್ದೆ. ಬಾಲ್ಯದಲ್ಲಿ ನಮ್ಮ ಕಟ್ಟೆಯ ಮೇಲೇ ಕೂತು ನಮ್ಮ ವಂಶ ಹಾಡಿಹೋದ ಹೆಳವಜ್ಜ ಮಾತ್ರ ನೆನಪಾಗಿರಲಿಲ್ಲ. ಅವನು ನಮ್ಮ ಕಡೆ ಬರುವುದು ಏಕೆ ನಿಂತಿತು? "ನಿಮ್ಮಪ್ಪ ಕಾಳು ಕೊಡೂದು ನಿಲ್ಲಿಸಿದ್ರು. ಅದಕ್ಕ," ಎಂದಳು. ನನ್ನ ಮನೆತನದ ಇತಿಹಾಸ ನನಗಿಂತ ಸೊಸೆಯಾಗಿ ಬಂದವಳಿಗೆ ಹೆಚ್ಚು ಗೊತ್ತಿತ್ತು.

ಅವಳೇ ಯಾರು ಯಾರಿಗೋ ಹೇಳಿ ಕಳಿಸಿ, ನಮ್ಮ ಒಕ್ಕಲಿನ ಹೆಳವರನ್ನು ಹುಡುಕಿಸಿದಳು. ಬಂದವರು ಮಧ್ಯವಯಸ್ಸಿನವರು, ಮೋಟರ್‌ಸೈಕಲ್ ಮೇಲೆ, ಬೆನ್ನಿಗೆ ಚೀಲ. ಎತ್ತು ಎಲ್ಲಿ ಎಂದು ನಾನು ಕೇಳಿದೆ. "ಎತ್ತಿಗೆ ಈಗ ಪಾರ್ಕಿಂಗ್ ಸಿಗಂಗಿಲ್ರಿ," ಎಂದರು. ಕಂಬಳಿ ಹಾಸಿ, ನೀರು ಕುಡಿದು, ಚೀಲದಿಂದ ಉದ್ದನೆಯ ಹಳೆಯ ಹೊತ್ತಿಗೆ ತೆಗೆದು ಕಣ್ಣಿಗೆ ಒತ್ತಿಕೊಂಡರು. ನಾನು ಪೆನ್ನು, ಪುಸ್ತಕ, ಮೊಬೈಲು, ಎಲ್ಲ ಸಜ್ಜು ಮಾಡಿಕೊಂಡು ಕುರ್ಚಿಯಲ್ಲಿ ಕೂತೆ. ಮೇಲಿನ ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳಿ ಅವರು ನನ್ನ ಹೆಸರಿನ ಹತ್ತಿರ ನಿಂತರು.

"ಹುಕ್ಕೇರಿ ಸೀಮಿ ಬಿಟ್ಟು, ಧಾತು ಬರಗಾಲದಾಗ ಗೋಕಾವಿ ಸೀಮಿಗೆ ಬಂದು, ಮಾವನ ಮನಿಯಾಗ ನಿಂತಾಂವ. ಗಂಡುಮಕ್ಕಳು ಮೂವರು. ಒಬ್ಬಾಂವ ಹೊಲ ಹಿಡಿದಾಂವ, ಒಬ್ಬಾಂವ ಫಾಲ್ಸಿನ ಗಿರಣಿಗೆ ಹೋದಾಂವ, ಒಬ್ಬಾಂವ ಪ್ಲೇಗಿನಾಗ ಹೋದಾಂವ. ಕೊಟ್ಟದ್ದು, ಇಲ್ಲ."

ಪುಟ ತಿರುವಿದರು.

ಧಾತು ಸಂವತ್ಸರ ಎಂದರೆ 1876-77, ಆ ಬರ ಮುಂದಿನ ವರ್ಷಕ್ಕೂ ಮುಂದುವರಿಯಿತು. 1872ರಲ್ಲಿ ಇದ್ದದ್ದಕ್ಕಿಂತ 1881ರಲ್ಲಿ ನಮ್ಮ ಜಿಲ್ಲೆಯ ಮಂದಿ ಕಡಿಮೆ. ಗೋಕಾಕ ಫಾಲ್ಸಿನ ಗಿರಣಿ ಶುರುವಾದದ್ದು 1887ರಲ್ಲಿ. ಪ್ಲೇಗು ನಮ್ಮ ಕಡೆ ಕಾಲಿಟ್ಟದ್ದು ಆ ಶತಮಾನದ ಕೊನೆಯ ವರ್ಷಗಳಲ್ಲಿ. ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸಿದ ಇಸವಿಗಳೆಲ್ಲ ನಮ್ಮ ಮನೆಯಲ್ಲೇ ಹಾದು ಹೋಗಿದ್ದವು. ಬಂದದ್ದು ಎಮ್ಮೆಯ ಹಿಂದೆ ಎಂದು ದೊಡ್ಡವ್ವ ಹೇಳಿದ್ದು ಕಲಸಿದ ನೆನಪೇನೂ ಆಗಿರಲಿಲ್ಲ. ಆದರೆ ಅಷ್ಟಕ್ಕೇ ಪುಟ ತಿರುವುವುದೇ?

"ಇಷ್ಟs ಏನ್ರಿ?" ಎಂದೆ. "ಮನಿ ಹೆಂಗಿತ್ತು, ಸಂಸಾರ ಹೆಂಗಿತ್ತು, ಎಮ್ಮಿ, ಬೆಣ್ಣಿ..."

ಅವರು ಹಿಂದಿನ ಪುಟದ ಮೇಲೆ ಬೆರಳಿಟ್ಟರು. ಅಲ್ಲಿ ಯಾರದೋ ಮನೆಯವರ ಬಗ್ಗೆ ಸಾಲುಸಾಲು ತುಂಬಿತ್ತು. ಆಕಳು ಕೊಟ್ಟದ್ದು, ಉಂಗುರ ಕೊಟ್ಟದ್ದು, ಮದುವೆಯಲ್ಲಿ ಧೋತರ ಹೊದಿಸಿದ್ದು, ಬಾವಿ ತೋಡಿಸಿದ್ದು. "ಕೊಟ್ಟವರ ಮನ್ಯಾಗ ನಮ್ಮ ಹಿರ್ಯಾರು ಎರಡು ದಿನ ಕುಂದರತಿದ್ರು. ಕುಂತಷ್ಟೂ ಬರೀತಿದ್ರು. ನಿಮ್ಮ ಮುತ್ತ್ಯಾ ಏನೂ ಕೊಟ್ಟಿಲ್ರಿ. ನಿಂತs ಬರಕೊಂಡು ಹೋಗ್ಯಾರ."

"ಸ್ವಲ್ಪ ಜಾಸ್ತಿ ಕೊಡ್ತೇನ್ರಿ ಈಗ. ಇನ್ನೇನರ ನೆನಪು ಮಾಡಿಕೋರಿ."

ಇದನ್ನು ನಾನು ಕೇಳಬಾರದಿತ್ತು. ಅವರು ಹೊತ್ತಿಗೆಯನ್ನು ಅರ್ಧ ಮುಚ್ಚಿದರು. "ಬರದದ್ದು ಓದ್ತೇವ್ರಿ ಮಾಸ್ತರ್ರ. ಬರೀಲಾರದ್ದು ಓದಂಗಿಲ್ಲ."

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ ಮುಂದೆ ಬಂದಳು. "ಆಕಿ ಹೆಸರೇನ್ರಿ? ಮುತ್ತ್ಯಾನ ಹೆಂಡತಿದು? ತವರಮನಿ ಆಕಿದು, ಹೊಲ ಆಕಿ ಅಪ್ಪಂದು."

"ಹೆಂಗಸರ ಹೆಸರು ಆವಾಗ ಬರೀತಿದ್ದಿಲ್ರಿ ಅವ್ವಾರ."

ಅಮೆರಿಕದಲ್ಲಿ ಹಾಗಲ್ಲ, 1850ರಿಂದ ಮನೆಯ ಎಲ್ಲರ ಹೆಸರನ್ನೂ ಬರೆದಿದ್ದಾರೆ ಎಂದು ನಾನು ಪಾಂಡಿತ್ಯ ತೋರಿಸಿದೆ. ಗುಲಾಮರನ್ನು ಬಿಟ್ಟು ಎಂದು ಆಮೇಲೆ ಸೇರಿಸಬೇಕಾಯಿತು. 1850ರಲ್ಲೂ 1860ರಲ್ಲೂ ಅವರಿಗೆ ಹೆಸರಿನ ಸಾಲಿಲ್ಲ, ಒಡೆಯನ ಹೆಸರಿನ ಕೆಳಗೆ ವಯಸ್ಸು, ಹೆಣ್ಣೋ ಗಂಡೋ, ಮೈಬಣ್ಣ ಇಂಥವಷ್ಟೇ. "ಆ ಬೆಣ್ಣಿ ಲೆಕ್ಕ ಯಾರ ಹೆಸರಲೆ ಐತಂದ್ರಿ?" ಎಂದು ಹೆಂಡತಿ ಕೇಳಿದಳು. ಯಜಮಾನನ ಹೆಸರಿನಲ್ಲಿ ಎಂದೆ. "ಕಡದಾಕಿ ಆಕಿ, ಹೆಸರು ಅವಂದು. ಓಹಾಯೋ ಏನು, ಗೋಕಾಕ ಏನು," ಎಂದು ಒಳಗೆ ಹೋದಳು.

ಮೂಡಲಗಿಗೆ ಈ ಸುದ್ದಿಯೂ ನನಗಿಂತ ಮುಂಚೆ ಹೋಯಿತು. ಹೆಳವರು ಕಂಬಳಿಯ ಮೇಲೆ ಇರುವಾಗಲೇ ತಮ್ಮನ ಫೋನು ಬಂತು. ಮುತ್ತ್ಯಾ ಮನೆ ಅಳಿಯ, ಹೊಲ ಮಾವನದು ಎಂದು ಹೆಳವರ ಹೊತ್ತಿಗೆಯಲ್ಲೇ ಇದ್ದರೆ, ಆ ಮಾವನ ಕಡೆಯವರು ಎಲ್ಲೆಲ್ಲಿ ಇದ್ದಾರೋ ಅವರೆಲ್ಲ ಎದ್ದು ಬಂದರೆ? ನನ್ನ ಮೇಲಿನ ನೋಟೀಸು ವಾಪಸು ತೆಗೆಯುತ್ತಾನಂತೆ, ಬೆಲ್ಲವೂ ಕಳಿಸುತ್ತಾನಂತೆ. "ಅಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ. ಆ ಹೊತ್ತಿಗಿ ಮೂಡಲಗಿ ದಾರಿ ಹಿಡೀದಂಗ ನೋಡ್ಕೊ."

ಹೆಳವರು ಹೊಸ ಪುಟ ತೆರೆದು ಪೆನ್ನಿನ ಟೋಪಿ ತೆಗೆದಿದ್ದರು. ಈ ತಲೆಮಾರಿನವರನ್ನು ಬರೆದುಕೊಳ್ಳಬೇಕಂತೆ. "ಏನು ಕೊಡ್ತೀರಿ, ಮಾಸ್ತರ್ರ?"

ನಾನು ಜೇಬಿಗೆ ಕೈ ಹಾಕಿದೆ. ಐದುನೂರರ ಒಂದು ನೋಟು ಬೆರಳಿಗೆ ಸಿಕ್ಕಿತು, ಅದರ ಹಿಂದೆ ಇನ್ನೂರರ ನೋಟೂ ಸಿಕ್ಕಿತು. ಯಾವುದು ಎಂದು ನಾನು ಒಳಗೊಳಗೇ ವಿಚಾರ ಮಾಡುತ್ತಿರುವಾಗ, ಹೆಂಡತಿ ಕೆಲಸದ ಹುಡುಗನ ಕೈಲಿ ಎರಡು ಚೀಲ ಬಿಳಿಜೋಳ ಹೊರಿಸಿಕೊಂಡು ಹೊರಗೆ ಬಂದಳು. ಮೇಲೊಂದು ಹೊಸ ಧೋತರ, ಅದರ ಮೇಲೆ ಎಲೆಯಡಿಕೆ.

"ಬರಕೋರಿ," ಎಂದಳು. ತನ್ನ ಹೆಸರು ಹೇಳಿದಳು, ತವರಿನ ಹೆಸರು ಹೇಳಿದಳು, ಇಬ್ಬರು ಹೆಣ್ಣುಮಕ್ಕಳ ಹೆಸರು, ಅವರ ಓದು, ನೌಕರಿ, ಊರು, ಒಂದೂ ಬಿಡದೆ ಹೇಳಿದಳು. ತನ್ನ ತವರಿನಿಂದ ಬಂದ ಎಮ್ಮೆ ದಿನಕ್ಕೆ ಎಷ್ಟು ಹಾಲು ಕೊಡುತ್ತಿತ್ತು, ವಾರಕ್ಕೆ ಎಷ್ಟು ಬೆಣ್ಣೆ ಬರುತ್ತಿತ್ತು ಎಂಬುದನ್ನೂ ಬರೆಸಿದಳು. ಹೆಳವರು ಕಾಲು ಮಡಚಿ ಚೆನ್ನಾಗಿ ಕೂತು, ಪುಟ ತುಂಬಿಸಿ, ಮತ್ತೊಂದು ಪುಟಕ್ಕೆ ಹೋದರು. ಕೊನೆಗೆ ತಲೆಯೆತ್ತಿ, "ಮಾಸ್ತರ್ರದು ಏನಂತ ಬರೀಲ್ರಿ ಅವ್ವಾರ?" ಎಂದರು.

ಅವಳು ನನ್ನನ್ನು ನೋಡಿದಳು. ನನ್ನ ಕೈ ಇನ್ನೂ ಜೇಬಿನಲ್ಲೇ ಇತ್ತು.

"ಕುರ್ಚಿ ಮ್ಯಾಲ ಕುಂತಿದ್ರು ಅಂತ ಬರಕೋರಿ," ಎಂದಳು.

ಬರೆದುಕೊಂಡರು.